ಬೆರಳು ಬಿಚ್ಚಿದ್ದಕ್ಕೆ ನನ್ನಿ

ಗಡಿಯಾಚೆ, ಮಲಯಾಳ ಸೀಮೆಯ ಕೊಳವಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಬಿನಿಯ ಕಡೆಯಿಂದ ಎದ್ದ ಮಂಜು ಮನೆಗಳ ಮೇಲೆ ಕೂತಿದೆ. ಲತಾಮಣಿ ಒಲೆಯ ಮುಂದೆ ಕುಳಿತು ಬಿಸಿನೀರಿನ ಪಾತ್ರೆಯಲ್ಲಿ ಎರಡೂ ಕೈ ಮುಳುಗಿಸಿದ್ದಾರೆ. ರಾತ್ರಿಯೆಲ್ಲ ಮುದುಡಿ ಬಿಗಿದ ಬೆರಳುಗಳು ಒಂದೊಂದಾಗಿ ಸಡಿಲವಾಗುತ್ತವೆ. ಕಿರುಬೆರಳು ಮೊದಲು, ಹೆಬ್ಬೆರಳು ಕೊನೆಗೆ. "ನನ್ನಿ" ಎನ್ನುತ್ತಾರೆ ಮೆಲ್ಲಗೆ. ಆಮೇಲೆ ಟಾರ್ಚು ಹಿಡಿದು, ದಾರಿಯಲ್ಲಿ ಆನೆ ಇಲ್ಲವೆಂದು ನೋಡಿಕೊಂಡು ಕೆಲಸಕ್ಕೆ ಹೊರಡುತ್ತಾರೆ.

ಐವತ್ತು ದಾಟಿದ ಲತಾಮಣಿ ಕೂಲಿಗೆ ಹಾಲು ಕರೆಯುವವರು. ಗುಂಡ್ಲುಪೇಟೆ ಸೀಮೆಯಿಂದ ಮದುವೆಯಾಗಿ ಇಲ್ಲಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಈ ಕೈಗಳೇ ಅವರನ್ನು ಸಾಕಿವೆ. ಒಂದು ಕಾಲದಲ್ಲಿ ಏಳು ಮನೆಗಳ ಹಸುಗಳನ್ನು ಅವರೇ ಕರೆಯುತ್ತಿದ್ದರು. ಆಮವಾತ ಕೀಲುಗಳನ್ನು ಹಿಡಿದು ಒಂಬತ್ತು ವರ್ಷವಾಯಿತು. ವಾಸಿಯಾಗುವ ಕಾಯಿಲೆಯಲ್ಲ, ಗುಳಿಗೆ ನುಂಗುತ್ತ ಅದರ ಜೊತೆ ಬದುಕಬೇಕು. ಮನೆಗಳು ಒಂದೊಂದಾಗಿ ಬಿಟ್ಟುಹೋದವು. ಈಗ ಉಳಿದಿರುವುದು ಜೈನ ಒಕ್ಕಲಿನ ಸರೋಜಮ್ಮನವರ ಮನೆ, ಅಲ್ಲಿನ ಎರಡು ಹಸು. ಸರೋಜಮ್ಮನವರ ಮಗ ಜಿನೇಶ್ ಹಾಲು ಕರೆಯುವ ಯಂತ್ರ ತರುತ್ತೇನೆ ಎನ್ನುತ್ತಿದ್ದಾನೆ. ತಾಯಿ ತಡೆದಿದ್ದಾರೆ. ಯಂತ್ರ ಬಂದರೆ ಲತಾಮಣಿಯವರಿಗೆ ಬೇರೆ ಕೆಲಸವಿಲ್ಲ.

ಮಲಗುವ ಮುನ್ನ ಆ ದಿನದ ಮೂರು ವಿಷಯಕ್ಕೆ ನನ್ನಿ ಹೇಳಬೇಕೆಂದು ಕಲಿಸಿದವರು ಮನೆಗೆ ಬಂದು ನೋಡಿಹೋಗುವ ನರ್ಸ್ ಶೋಭ. ಲತಾಮಣಿಯವರನ್ನು ಅವರು ಚೇಚಿ, ಅಂದರೆ ಅಕ್ಕ, ಎನ್ನುತ್ತಾರೆ. ಮಲಯಾಳದ ಮಾತಿನಲ್ಲಿ ನನ್ನಿ ಎಂದರೆ ಕೃತಜ್ಞತೆ. ನಮ್ಮ ಹಳಗನ್ನಡದಲ್ಲಿ ಅದೇ ಶಬ್ದಕ್ಕೆ ಸತ್ಯವೆಂದು ಅರ್ಥ. ಲತಾಮಣಿಯವರಿಗೆ ಆ ಹಳೆಯ ಅರ್ಥ ಗೊತ್ತಿಲ್ಲ. ಅವರ ಬಗ್ಗೆ ಬರೆಯಲು ಬಂದ ನನಗೆ ಅವರು ಹೇಳಿದ್ದು ಇಷ್ಟು.

"ಕಾಯಿಲೆಗೂ ನನ್ನಿ ಹೇಳು ಚೇಚಿ, ಅದೂ ದೇವ್ರು ಕೊಟ್ಟಿದ್ದು ಅಂದ್ರು ಸಿಸ್ಟರು. ಅದೊಂದು ನನ್ ಕೈಲಿ ಆಗಾಕಿಲ್ಲ ಅಂದೆ. ದೇವ್ರ ಮುಂದೆ ಸುಳ್ಳು ಹೇಳಕಾಯ್ತದಾ? ಬೆರಳು ಬಿಚ್ಚಿದ್ದಕ್ಕೆ ಹೇಳ್ತೀನಿ. ಹಸ ಒದೀದೆ ನಿಂತಿದ್ದಕ್ಕೆ ಹೇಳ್ತೀನಿ. ಒಂದೊಂದು ದಿನ ಹೇಳಕ್ಕೆ ಏನೂ ಇರಾಕಿಲ್ಲ. ಆವತ್ತು ಸುಮ್ಕೆ ಮನಿಕೋತೀನಿ."

ಮನೆಯಲ್ಲಿ ಸಾವು ಕಂಡ ವರ್ಷ ದೇವರ ಮುಂದೆ ಕುಳಿತು ಬಾಯಿ ಬಾರದವರಿಗೆ ಈ ಮಾತು ತಿಳಿಯುತ್ತದೆ.

ಕೊಟ್ಟಿಗೆಯಲ್ಲಿ ಹಿರಿಯ ಹಸುವಿನ ಪಕ್ಕ ಕೂತು ಲತಾಮಣಿ ಕರೆಯುತ್ತಿದ್ದಾರೆ. ನಡುನಡುವೆ ಕೈ ನಿಲ್ಲುತ್ತದೆ. ಸರೋಜಮ್ಮ ಬಾಗಿಲಲ್ಲಿ ನಿಂತು ಕೀಟಲೆ ಮಾಡುತ್ತಾರೆ.

"ಏನು ಲತಾ, ಹಸು ಹತ್ರ ಜಾತಕ ಕೇಳ್ತಿದ್ದೀಯಾ, ಇಷ್ಟು ಹೊತ್ತು?"

"ನನ್ ಜಾತಕ ಅದಕ್ಕೇ ಗೊತ್ತಿರೋದು ಕನಮ್ಮ."

ನಗು ಅಲ್ಲಿಗೇ ನಿಲ್ಲುತ್ತದೆ. ಹಿಂದಿನ ಮೊಲೆಯೊಂದನ್ನು ಲತಾಮಣಿ ಮತ್ತೆ ಮತ್ತೆ ಹಿಡಿಯುತ್ತಾರೆ. ಬೆರಳು ಮಡಚುತ್ತಿಲ್ಲ. ಕೆಚ್ಚಲಿನಲ್ಲಿ ಹಾಲು ಉಳಿದರೆ ಬಾವು ಬರುತ್ತದೆ, ಹಸು ನರಳುತ್ತದೆ. ಪಾತ್ರೆಯೇನೋ ಹೆಚ್ಚುಕಡಿಮೆ ತುಂಬಿದೆ. ಸುಮ್ಮನೆ ಎದ್ದುಹೋದರೆ ಇಂದು ಯಾರಿಗೂ ತಿಳಿಯದು. ಅವರು ತುಸು ಹೊತ್ತು ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂರುತ್ತಾರೆ.

"ಅಮ್ಮಾ, ಇಲ್ಲಿ ಕೈ ಇಟ್ಟು ನೋಡಿ."

ಸರೋಜಮ್ಮ ಬಗ್ಗಿ ಮುಟ್ಟುತ್ತಾರೆ.

"ಗಟ್ಟಿ ಅದೆ. ಹಾಲು ನಿಂತದೆ. ನೆನ್ನೆ ಹೆಂಗೋ ಇಳಿಸ್ದೆ. ಇವತ್ತು ಆಯ್ತಾ ಇಲ್ಲ."

"ಸಾರಮಿಲ್ಲ, ಪರವಾಗಿಲ್ಲ ಬಿಡೇ. ನಾನೇನಾದ್ರೂ ಅಂದ್ನಾ?"

"ನೀವು ಅನ್ನಾಕಿಲ್ಲ. ಹಸೂಗೆ ಅನ್ನಕ್ ಬರಾಕಿಲ್ಲ. ಅದ್ಕೇ ನಾನೇ ಹೇಳ್ತಾ ಇವ್ನಿ. ಜಿನೇಶಪ್ಪಂಗೆ ಮೆಷಿನ್ ತರ್ಸಕ್ಕೆ ಹೇಳ್ಬುಡಿ."

ಸರೋಜಮ್ಮ ಸೆರಗು ಸಿಕ್ಕಿಸಿ ತಾವೇ ಕುಳಿತು ಉಳಿದ ಹಾಲು ಇಳಿಸುತ್ತಾರೆ. ಅಭ್ಯಾಸ ತಪ್ಪಿದ ಕೈ. ಹಸು ಬಾಲ ಬೀಸುತ್ತದೆ. ಲತಾಮಣಿ ಅದರ ಕೊರಳು ಸವರುತ್ತ ನಿಂತಿದ್ದಾರೆ.

ಮುಂದೇನು ಮಾಡುತ್ತೀರಿ ಎಂದು ಗೇಟಿನ ಬಳಿ ಲತಾಮಣಿಯವರನ್ನು ನಾನು ಕೇಳಿದರೆ, "ಗೊತ್ತಿಲ್ಲ" ಎನ್ನುತ್ತಾರೆ. ಸ್ವಲ್ಪ ದೂರ ನಡೆದವರು ನಿಂತು ತಿರುಗುತ್ತಾರೆ.

"ಬರೀತೀರಲ್ಲ, ಇದೊಂದು ಬರ್ಕಳಿ. ಇಷ್ಟು ವರ್ಷದಲ್ಲಿ ನಾನು ಕರೆದ ಒಂದು ಹಸೂಗೂ ಕೆಚ್ಚಲು ಬಾವು ಬರ್ನಿಲ್ಲ. ಇದಕ್ಕೂ ಬರಾಕ್ ಬುಡ್ನಿಲ್ಲ."