ತಿರುವಿನಲ್ಲಿ ನಿಲ್ಲುತ್ತಿದ್ದವರು

ಮಿದುಳು ದಾರಿಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿಯೊಬ್ಬರು ಒಂದು ಬೇಸಿಗೆ ಶೆಟ್ಟಿಕೆರೆಯ ನಮ್ಮ ಮನೆಯಲ್ಲಿ ಬಾಡಿಗೆಗಿದ್ದರು. ಎತ್ತ ನೋಡಿದರೂ ಒಂದೇ ಥರ ಕಾಣುವ ತೆಂಗಿನ ತೋಟಗಳಲ್ಲಿ ಜನ ದಾರಿ ತಪ್ಪದೆ ಹೇಗೆ ಓಡಾಡುತ್ತಾರೆ ಎಂಬುದು ಆಕೆಯ ಕುತೂಹಲ. ದಿನಾ ಬೆಳಿಗ್ಗೆ ಹೊರಟಾಗ ಆಕೆ ಬೀದಿಯ ತಿರುವಿನಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು, ಮನೆಯನ್ನೊಮ್ಮೆ ತಿರುಗಿ ನೋಡುತ್ತಿದ್ದರು. ಕೇಳಿದರೆ ಒಂದೇ ಮಾತು: "ವಾಪಸ್ ಬರುವಾಗ ಇದೇ ದಾರಿ ಬೇರೆ ಥರ ಕಾಣುತ್ತೆ. ಮಿದುಳಿಗೆ ಈಗಲೇ ತೋರಿಸಿಡಬೇಕು."

ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. "ಹೊರಟೋರು ಹಿಂದಕ್ ತಿರುಗಿ ನೋಡಬಾರ್ದು ಕಣವ್ವ, ಹೋದ ಕೆಲ್ಸ ಆಗಲ್ಲ!" ಎಂದು ಅಂಗಳದಿಂದಲೇ ಕೂಗುತ್ತಿದ್ದಳು. ಆಕೆ ನಕ್ಕು ಕೈಬೀಸುತ್ತಿದ್ದರು. ಬರಬರುತ್ತಾ ಅಮ್ಮ ಹಾಗೆ ಕೂಗುವುದಕ್ಕೆಂದೇ ಆ ಹೊತ್ತಿಗೆ ಪೊರಕೆ ಹಿಡಿದು ಅಂಗಳಕ್ಕೆ ಬರತೊಡಗಿದಳು.

ಊರು ಬಿಡುವ ದಿನ ಆಕೆ ಅಮ್ಮನ ಕಾಲಿಗೆ ನಮಸ್ಕರಿಸಿ, ಬ್ಯಾಗು ಹೆಗಲಿಗೇರಿಸಿ ಹೊರಟರು. ಅಮ್ಮ ಅಂಗಳದಲ್ಲಿ ಕಾದು ನಿಂತಳು. ತಿರುವು ಬಂತು. ಆಕೆ ನಿಲ್ಲಲಿಲ್ಲ, ತಿರುಗಲೂ ಇಲ್ಲ. ನೇರವಾಗಿ ನಡೆದು ಮರೆಯಾದರು.

ಪೊರಕೆ ಅಮ್ಮನ ಕೈಯಲ್ಲೇ ಇತ್ತು.

"ನೋಡ್ಲಾ," ಎಂದಳು ನನಗೆ, "ಇವತ್ತೇ ನನ್ ಮಾತು ಕೇಳ್ಬೇಕಾಗಿತ್ತಾ ಆ ಹುಡ್ಗಿ?"