ಶ್ರಾವ್ಯ ತುಂಬದೆ ಬಿಟ್ಟ ಚೌಕ

ಸ್ನೇಹಿತರೇ, ಇವತ್ತು ಗಣಿತದ ಪೀರಿಯಡ್‌ನಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ನನ್ನ ಮಾನ ಕಾಯಲು ನೋಡಿದಳು.

ಸೀತಾಂಗೋಳಿಯ ಹತ್ತಿರದ ಸರಕಾರಿ ಕನ್ನಡ ಶಾಲೆಯಲ್ಲಿ ನಾನು ಟೀಚರ್. ನೆರೆಕರೆಯ ಅಜ್ಜಿಯಂದಿರು, ಅಮ್ಮಂದಿರು, ಈಗಿನ ಮಕ್ಕಳು ಯಾವ ಶಾಲೆಗೆ ಹೋದವರು, ಹೋಗುವವರು ಎಂದು ಕೇಳಿ, ಚಾರ್ಟಿನಲ್ಲಿ ಒಬ್ಬರಿಗೊಂದು ಚೌಕದಂತೆ ಬಣ್ಣ ತುಂಬಿ ತರಲು ಮಕ್ಕಳಿಗೆ ಹೇಳಿದ್ದೆ. ಸರಕಾರಿ ಶಾಲೆಗೆ ಹಸಿರು, ಖಾಸಗಿಗೆ ಕೆಂಪು.

ಶ್ರಾವ್ಯಳ ಮನೆ ನಮ್ಮ ಮನೆಯ ಪಕ್ಕದಲ್ಲೇ. ಅವಳ ಚಾರ್ಟಿನಲ್ಲಿ ಅಜ್ಜಿಯಂದಿರ ಸಾಲು ಪೂರ್ತಿ ಹಸಿರು. ಅಮ್ಮಂದಿರ ಸಾಲಿನಲ್ಲಿ ಎರಡು ಕೆಂಪು. ಮಕ್ಕಳ ಸಾಲಿನಲ್ಲಿ ಹಸಿರು ಒಂದೇ ಒಂದು, ಅದು ಅವಳದ್ದು. ಕೊನೆಯ ಚೌಕ ಮಾತ್ರ ಖಾಲಿ ಇತ್ತು.

"ಇದೆಂತ, ಒಂದು ಬಿಟ್ಟಿದ್ದಿ?" ಎಂದೆ.

ಅವಳು ಹತ್ತಿರ ಬಂದು ಪಿಸುಗುಟ್ಟಿದಳು: "ಅದು ನಿಮ್ಮ ಮಗಳದ್ದು ಟೀಚರ್. ಚಾರ್ಟ್ ಗೋಡೆಗೆ ಅಂಟಿಸ್ಲಿಕ್ಕೆ ಉಂಟಲ್ಲ, ಎಲ್ಲರೂ ನೋಡ್ತಾರೆ."

ನನ್ನ ಮಗಳು ದಿನಾ ಬೆಳಗ್ಗೆ ಬಸ್ಸು ಹತ್ತಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾಳೆ. ನಾನು ಕೆಂಪು ಪೆನ್ಸಿಲ್ ತೆಗೆದುಕೊಂಡು ಆ ಚೌಕವನ್ನು ನಾನೇ ತುಂಬಿದೆ. ಬಣ್ಣ ಗೆರೆಯ ಹೊರಗೂ ಹೋಯಿತು.

ನನ್ನ ಮುಖ ನೋಡಿ ಅವಳಿಗೆ ಪಾಪ ಅನಿಸಿರಬೇಕು. ಅಮ್ಮಂದಿರ ಸಾಲಿನ ಒಂದು ಹಸಿರು ಚೌಕದ ಮೇಲೆ ಬೆರಳಿಟ್ಟು ಹೇಳಿದಳು: "ಇದು ನೀವು ಟೀಚರ್. ನೀವು ಕಲಿತದ್ದು ನಮ್ಮ ಶಾಲೆಯಲ್ಲೇ ಅಲ್ವಾ?"

ಅವಳಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟೆ. ನನಗೆಷ್ಟು ಕೊಡುತ್ತೀ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.