ಎರಡು ಸಲ ಬೆಂದ ಕೊಕ್ಕೆ

ಮಾಡಿದ ಕೆಲಸ ಸರಿಯಿದ್ದು, ಫಾರಂ ತಪ್ಪಿದ್ದು, ಕೊನೆಗೆ ಕೆಲಸವನ್ನೇ ತಿದ್ದಬೇಕಾಗಿ ಬಂದದ್ದು ನಿಮಗೂ ಆಗಿದೆಯಾ? ನನಗೆ ಆಗಿದೆ.

ಎಂಬತ್ತರ ದಶಕದ ಕೊನೆ. ಯಶವಂತಪುರದ ಒಂದು ಶೆಡ್ಡು. ಸ್ಟೇನ್‌ಲೆಸ್ ಸ್ಟೀಲಿನ ಪುಡಿಗೆ ಮೇಣ ಕಲಸಿ, ಅಚ್ಚಿಗೆ ಒತ್ತಿ, ಉಗುರಿನಷ್ಟು ಕೊಕ್ಕೆ ಮಾಡುತ್ತಿದ್ದೆವು. ಮೇಣ ತೆಗೆದು ಕುಲುಮೆಗೆ ಹಾಕಿದರೆ ಪುಡಿ ಬೆಸೆದುಕೊಂಡು ಗಟ್ಟಿ ಸ್ಟೀಲಾಗುತ್ತದೆ. ಆಗ ಕೊಕ್ಕೆ ಕುಗ್ಗುತ್ತದೆ, ಹೆಚ್ಚುಕಮ್ಮಿ ಆರರಲ್ಲಿ ಒಂದು ಪಾಲು. ಅದಕ್ಕೇ ಅಚ್ಚನ್ನು ದೊಡ್ಡದಾಗಿ ಮಾಡಿರುತ್ತಾರೆ. ಎಷ್ಟು ಶಾಖ, ಎಷ್ಟು ಹೊತ್ತು, ಕುಲುಮೆಯೊಳಗೆ ಬಿಡುವ ಹೈಡ್ರೋಜನ್ ಎಷ್ಟು ಒಣಗಿರಬೇಕು, ಇದನ್ನೆಲ್ಲ ಹದಕ್ಕೆ ತರಲು ನನಗೆ ಮೂರು ತಿಂಗಳು ಹಿಡಿಯಿತು. ಕೊಕ್ಕೆ ಪಾಸಾದರೆ ನನ್ನ ಕೆಲಸ ಕಾಯಂ. ಇಲ್ಲದಿದ್ದರೆ ಮನೆ.

ಕೊಳ್ಳುವವರ ಕಡೆಯಿಂದ ಇನ್‌ಸ್ಪೆಕ್ಟರು ಬಂದರು, ಧಾರವಾಡದವರು. ಅವರ ಫಾರಂನಲ್ಲಿ ಎರಡು ಖಾನೆ: ಕುಲುಮೆಗೆ ಮೊದಲಿನ ಅಳತೆ, ಆಮೇಲಿನ ಅಳತೆ. ಎರಡೂ ಒಂದೇ ಇರಬೇಕು! ಅಚ್ಚಿನಿಂದ ಆಗಷ್ಟೇ ತೆಗೆದ, ಇನ್ನೂ ಬೇಯದ ಒಂದು ಕೊಕ್ಕೆಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಸಾರ್, ಇದು ಕುಗ್ಗುತ್ತೆ.”

“ಕುಗ್ಗಾಕ ಇದೇನ್ ಅರಿವಿ ಏನ್ ತಮ್ಮಾ? ಒಗದ್ರ ಸಣ್ಣದಾಗಾಕ? ಫಾರಂನ್ಯಾಗ ಅದಕ್ಕ ಜಾಗಾನ ಇಲ್ಲ.”

“ಜಾಗ ಮಾಡ್ಸಿ ಸಾರ್.”

“ಅದು ದಿಲ್ಲಿಯಿಂದ ಬರಬೇಕು. ನಾಳೆ ಬರ್ತೇನಿ.”

ಮಾಲೀಕರು ನನ್ನ ಕಡೆ ತಿರುಗಿದರು. “ನೋಡು ಗುರು, ನಿನ್ ಕುಲುಮೆ ಹೆಂಗಾದ್ರೂ ಇರ್ಲಿ. ನಾಳೆ ಫಾರಂ ತುಂಬ್ಬೇಕು, ಅಷ್ಟೆ.”

ಮಾಕಳಿಯಿಂದ ಬರುತ್ತಿದ್ದ ಕುಲುಮೆ ಆಪರೇಟರ್ ಬೀಡಿ ಆರಿಸಿ ಹತ್ತಿರ ಬಂದ. “ಯಾಕ್ ಸಾ ಇಂಗ್ ಕುಂತಿದ್ದೀರ? ಬೆಂದಿರೋದನ್ನೇ ಮೊದ್ಲು ಅಳೀಲಿ. ಆಮೇಲ್ ಇನ್ನೊಂದ್ ಕಿತ ಬೇಯ್ಸಾಣ. ಒಂದ್ಸಲ ಕುಗ್ಗಿದ್ದು ಇನ್ನೆಷ್ಟೂಂತ ಕುಗ್ತದೆ?”

ಮರುದಿನ ಇನ್‌ಸ್ಪೆಕ್ಟರು ಬೆಂದ ಕೊಕ್ಕೆಗಳನ್ನೇ ಅಳೆದು ಕುಲುಮೆಗೆ ಹಾಕಿಸಿ ಹೋದರು. ಅದರ ಮರುದಿನ ಬಂದು ಮತ್ತೆ ಅಳೆದರು. ಎರಡು ಅಳತೆಯೂ ಒಂದೇ. ಫಾರಂನಲ್ಲಿ ದಪ್ಪಗೆ ಬರೆದರು: “ಕೊಕ್ಕೆ ಕುಗ್ಗುವುದಿಲ್ಲ.” ಮೂರು ತಿಂಗಳು ಬರೀ ಅದು ಕುಗ್ಗುವುದನ್ನೇ ಅಳೆದಿದ್ದ ನಾನು ಕೆಳಗೆ ಸಹಿ ಹಾಕಿದೆ.

ಹೊರಡುವಾಗ ಅವರು ಸ್ಕೂಟರಿನ ಹತ್ತಿರ ನನ್ನನ್ನು ಕರೆದರು. “ತಮ್ಮಾ, ಮೊದಲನೇ ದಿನದ್ದಕ್ಕ ಉಗುರು ಇಳೀತಿತ್ತು. ನಿನ್ನೆದ್ದು ಕೆಳಗ ಬಿದ್ರ ಟಣ್ ಅಂತು. ನನಗ ತಿಳೀಲಿಲ್ಲ ಅಂದ್ಕೊಂಡಿ? ಸುಮ್ನಿರು. ದಿಲ್ಲಿಗೆ ಪತ್ರ ಬರಿಯೂದಕ್ಕಿಂತ ಎರಡ ಸಲ ಬೇಯಿಸೂದು ಸಲೀಸ.”

ನನ್ನ ಕೆಲಸ ಕಾಯಂ ಆಯಿತು. ನಾನು ಅಲ್ಲಿದ್ದಷ್ಟು ದಿನ ಪ್ರತಿ ಕೊಕ್ಕೆಯೂ ಎರಡು ಸಲ ಬೆಂದಿತು. ಹೊಸದಾಗಿ ಸೇರಿದವರು ಯಾಕೆಂದು ಕೇಳಿದರೆ “ಕ್ವಾಲಿಟಿ ಕಣೋ” ಅನ್ನುತ್ತಿದ್ದೆ.

ಫಾರಂಗೋಸ್ಕರ ನೀವು ಎರಡೆರಡು ಸಲ ಮಾಡಿದ ಕೆಲಸ ಯಾವುದು? ಕೆಳಗೆ ಬರೆಯಿರಿ. ನಾನೊಬ್ಬನೇ ಅಲ್ಲ ಅನ್ನೋ ಸಮಾಧಾನವಾದರೂ ಸಿಗಲಿ.